ಆರು ಗಂಟೆಯ ಗೆರೆ

ಜುಲೈ ೮, ಮಂಗಳವಾರ

ಪ್ರೀತಿಯ ತಂಗಿ,

ನಿಮ್ಮ ಧಕ್ಕೆಗೆ, ಆ ಪುಟ್ಟ ಹಡಗುಕಟ್ಟೆಗೆ, ನಮ್ಮ ಬಂದರು ಇಲಾಖೆ ಕೊಟ್ಟ ಮಾತು ಇಷ್ಟು: ವಾರಕ್ಕೆ ಮೂರು ಸರಕು ಹಡಗು, ಬಿಸಿಲಿಗೊಂದು ಶೆಡ್, ವರದಿ ಬರೆಯುವ ಮೊದಲು ನಿಮ್ಮ ಜೊತೆ ಮಾತು. ಶೆಡ್ ಕೊಡಲಿಲ್ಲ. ಮಾತಿಗೆ ಕರೆಯಲಿಲ್ಲ. ಈಗ ಆ ಮೂರು ಹಡಗನ್ನೂ ನಿಲ್ಲಿಸಿ, ಧಕ್ಕೆ ಮುಚ್ಚಿ ಅನ್ನುವ ವರದಿ ನಮ್ಮ ಆಫೀಸಿನಿಂದಲೇ ಹೊರಟಿದೆ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈದುಕೋ. ಹಗ್ಗ ಉಜ್ಜಿದ ಅಂಗೈ ಮಾಯಿತಾ?

ನಮ್ಮ ಕೆಲಸ ಏನು ಅಂತ ಕೇಳಿದ್ದೆಯಲ್ಲ. ಪ್ರತಿ ಹಡಗೂ ತಾನೆಲ್ಲಿದ್ದೇನೆ, ಎಷ್ಟು ವೇಗ ಅಂತ ಸಂಕೇತ ಕಳಿಸುತ್ತಲೇ ಇರುತ್ತದೆ. ಎರಡು ವರ್ಷದ ಸಂಕೇತ ಕೂಡಿಹಾಕಿ, ಯಾವ ಹಡಗು ಎಲ್ಲಿ ನಿಂತಿತು ನೋಡಿ, ನಕ್ಷೆಯಲ್ಲಿ ಹನ್ನೊಂದು ಬಂದರುಗಳ ನಡುವೆ ಹಡಗು ಓಡಾಡುವ ಗೆರೆ ಎಳೆದೆವು. ನಿಮ್ಮ ಧಕ್ಕೆಗೆ ಒಂದು ಗೆರೆಯೂ ಬರಲಿಲ್ಲ.

"ಹಡಗೇ ನಿಲ್ಲದ ಜಾಗಕ್ಕೆ ಬಂದರು ಅಂತ ಯಾಕ್ರೀ ಕರೀಬೇಕು? ಬಸ್‌ಸ್ಟಾಪ್ ಅನ್ನಿ" ಅಂದರು ನಮ್ಮ ಸಾಹೇಬರು. ಎಲ್ಲರೂ ನಕ್ಕರು.

"ಬಸ್‌ಸ್ಟಾಪಲ್ಲಿ ಬಸ್ಸಾದ್ರೂ ನಿಲ್ಲುತ್ತೆ ಸಾರ್" ಅಂದೆ. ನಗು ನಿಂತಿತು, ವರದಿ ನಿಲ್ಲಲಿಲ್ಲ.

ನಿನ್ನೆ ಬೆಳಿಗ್ಗೆ ಸೋಸದ ಮೂಲ ದಾಖಲೆ ತೆಗೆದೆ. ನಿಮ್ಮಲ್ಲಿ ಮುನ್ನೂರ ಹನ್ನೆರಡು ಸಲ ಹಡಗು ನಿಂತಿದೆ ಕಣೇ. ಹೆಚ್ಚಿನವು ನಿಂತದ್ದು ನಾಲ್ಕು ಗಂಟೆ ಹೊತ್ತು. ಅತಿ ಹೆಚ್ಚು ನಿಂತದ್ದು ಐದು ಗಂಟೆ ಹತ್ತು ನಿಮಿಷ. ನಮ್ಮ ನಿಯಮವೋ, ಆರು ಗಂಟೆಗಿಂತ ಕಡಿಮೆ ನಿಂತದ್ದು ಬಂದರಿಗೆ ಬಂದದ್ದಲ್ಲ, ಸುಮ್ಮನೆ ಕಾದು ನಿಂತದ್ದು. ದೊಡ್ಡ ಬಂದರಲ್ಲಿ ಅದು ಸರಿ. ನಿಮ್ಮಲ್ಲಿ? ಬೇಗ ಇಳಿಸಿ ಬೇಗ ಕಳಿಸಿದ್ದೇ ನಿಮ್ಮ ತಪ್ಪಾಯಿತು. ಮೈಗಳ್ಳತನ ಮಾಡಿದ್ದರೆ ನಕ್ಷೆಯಲ್ಲಿ ಇರುತ್ತಿದ್ದಿರಿ.

ಸಾಹೇಬರ ಮೇಜಿನ ಮೇಲೆ ಕಾಗದ ಹರಡಿದೆ. ಅವರು ತಲೆ ಎತ್ತಲಿಲ್ಲ. "ಒಂದು ಧಕ್ಕೆಗೋಸ್ಕರ ಎಲ್ಲಾ ತಿದ್ದೋಕಾಗುತ್ತಾ? ಆ ನಿಯಮ ಬರೆದವಳು ಕೆಲಸ ಬಿಟ್ಟು ಹೋದಳಲ್ಲ, ಅವಳ ಎಡವಟ್ಟು. ಬಿಟ್ಟಾಕಿ."

ಬಿಟ್ಟಾಕಲು ಅದೇನು ಹರಿದ ಚಪ್ಪಲಿಯೇ? ಅರವತ್ತು ಮನೆಯ ಒಲೆ ಅದು. ವರದಿ ಒಪ್ಪುವ ಮುನ್ನ ಮುಂದಿನ ವಾರ ಇಲ್ಲಿ ಬಹಿರಂಗ ಸಭೆ ಇದೆ. ನಿಮ್ಮ ಸಂಘದ ಹಡಗಿನ ಪುಸ್ತಕ, ಬಂದ ಹೊತ್ತು, ಹೋದ ಹೊತ್ತು ಬರೆದದ್ದು, ಒಂದು ಹಾಳೆಯೂ ಬಿಡದೆ ತಾ. ಕೈ ಮುಗಿಯಬೇಡ, ಮೇಜಿನ ಮೇಲೆ ಇಡು.

ನಿನ್ನ ತೋಳಿಗೆ ಬಲ ಬರಲಿ, ಗಂಟಲು ಕಟ್ಟದಿರಲಿ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಆ ಆರು ಗಂಟೆಯ ಗೆರೆ ಹಾಕಿದ್ದು ಕೆಲಸ ಬಿಟ್ಟುಹೋದವಳಲ್ಲ, ನಾನು. ಸಾಹೇಬರು ಅವಳ ಮೇಲೆ ಹಾಕಿದಾಗ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಘೋಷಣೆ ಕೂಗಿ ಬೆಳೆದ ಬಾಯಿ ಇದು. ಆರು ಅಂತ ಬರೆಯುವಾಗ ನಿನ್ನ ಧಕ್ಕೆ ನನಗೆ ನೆನಪೇ ಆಗಲಿಲ್ಲ ಕಣೇ. ಸಭೆಯಲ್ಲಿ ಎದ್ದು ಇದನ್ನು ಹೇಳಬೇಕು. ನೀನು ಹಿಂದಿನ ಸಾಲಲ್ಲಿ ಕೂರಬೇಡ. ಗುರುವಾರ, ಹದಿನೇಳನೇ ತಾರೀಖು, ಬೆಳಿಗ್ಗೆ ಹತ್ತೂವರೆಗೆ.