ಅಂಬಮ್ಮ ಗುಡಿಸಿದ ಕೋಣೆ

ಬ್ರಹ್ಮಪುರ, ಕಲಬುರ್ಗಿ
ಮಾಘ ವದ್ಯ ತದಿಗೆ, ಫಸಲಿ ೧೩೩೮

ತಮ್ಮ ದೌಲಪ್ಪನಿಗೆ, ಕಮಲಾಪುರ.

ನಿನ್ನ ಅಕ್ಕ ಬಸಲಿಂಗಮ್ಮಳ ಆಶೀರ್ವಾದ. ನಿನ್ನ ಮನೆಯಾಕೆಗೂ ನಮ್ಮ ಜಯದೇವಿಗೂ ಹೇಳು.

ನೀನು ಬರೆದ ಎರಡೂ ಕಾಗದ ಮುಟ್ಟಿದವು. ಮೈಬೂಬನ ಗಾಡಿಯಲ್ಲಿ ಕಳಿಸಿದ ಕೆಂಬಾಳೆ ಗೊನೆಯೂ ಮುಟ್ಟಿತು. ಉತ್ತರ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಜಡ್ಡು ಜಾಪತ್ತು ಏನೂ ಇಲ್ಲ. ಕಸಬರಿಗೆ ಹಿಡಿದ ಕೈಗೆ ಲೇಖಣಿ ಹಿಡಿಯಲು ಪುರಸೊತ್ತಿರಲಿಲ್ಲ ಎಂದು ಬರೆಯಬಹುದು. ಅದು ಅರ್ಧ ನಿಜ.

ವೈಶಾಖದಲ್ಲಿ ನಿನ್ನ ಮಗಳು ಜಯದೇವಿ ನನ್ನ ಮಗ ಗುರುಲಿಂಗಪ್ಪನ ಕೈ ಹಿಡಿದು ಈ ಹೊಸ್ತಿಲು ದಾಟುವವಳು ಎಂದು ಪುಷ್ಯದಿಂದಲೇ ಮನೆ ತೊಳೆಸಲು ಶುರು ಮಾಡಿದ್ದೆ. ಪಡಸಾಲೆಯ ಪರಸಿ ಕಲ್ಲನ್ನು ಇಟ್ಟಂಗಿ ಪುಡಿ ಹಾಕಿ ತಿಕ್ಕಿಸಿದೆ. ಹಿತ್ತಾಳೆ ತಾಮ್ರವೆಲ್ಲ ಹುಣಸೆಹುಳಿ ಕಂಡವು. ಬ್ರಹ್ಮಪುರದ ಅತ್ತೆಯರು ಸೊಸೆಯಂದಿರನ್ನು ಬೈಯುವಾಗ ನನ್ನ ಅಡುಗೆಮನೆಯ ಹೆಸರು ತೆಗೆಯುತ್ತಾರೆ. ಅದರ ಹೆಮ್ಮೆ ನನಗಿದೆ, ಇಲ್ಲವೆನ್ನುವುದಿಲ್ಲ.

ಕಸಮುಸುರೆಗೆ ಎಂದು ನೀನು ದೀಪಾವಳಿ ಮುಗಿದ ಮೇಲೆ ನಿನ್ನ ಹೊಲದ ಆಳು ಮಾಪಣ್ಣನ ಮಗಳು ಶೇವಂತಾಳನ್ನು ಕಳಿಸಿದೆ. ಸಂಕ್ರಾಂತಿ ಆದ ಮೇಲೆ ಆಕೆಯನ್ನು ನಾನು ಓಡಿಸಿದೆ. ದೇವರ ಜಗಲಿಯ ಮೇಲಿನ ಬೆಳ್ಳಿ ಗಿಂಡಿ ಕಾಣದಾಗಿತ್ತು. ಗುರುಲಿಂಗಪ್ಪ ಹೇಳಿದ: "ಅವ್ವಾ, ಅಕೀನ ಒಯ್ದಾಳ. ಸೆರಗಿನಾಗ ಮುಚ್ಚಿಕೊಂಡು ಹೊಂಟಿದ್ದಳು, ನಾ ಕಂಡೀನಿ." ಶೇವಂತಾಳನ್ನು ಕೇಳಿದೆ. ನೆಲ ನೋಡುತ್ತ ನಿಂತಳು. ನೆರೆಯ ಹೆಂಗಸರ ಮುಂದೆ ಆಕೆಯ ಗಂಟು ಬಿಚ್ಚಿಸಿದೆ. ಒಂದು ಸೀರೆ, ಒಂದು ಹಣಿಗೆ, ಮತ್ತೇನೂ ಇರಲಿಲ್ಲ. "ಆಗಲೇ ಹೊರಗ ಸಾಗಿಸ್ಯಾಳ" ಎಂದ ಇವನು. ಕಳ್ಳಿ ಎಂದು ಹೇಳಿ ಮೈಬೂಬನ ಗಾಡಿ ಹತ್ತಿಸಿದೆ.

ಆ ಮಾತು ಗಾಡಿಗಿಂತ ಮೊದಲು ಊರು ಸೇರಿತೆಂದು ನೀನು ಬರೆದೆ. ಶೇವಂತಾಳ ಗಂಡನ ಮನೆಯವರು "ಕಳ್ಳಿ ನಮಗ ಬ್ಯಾಡ" ಎಂದು ಹೇಳಿ ಕಳಿಸಿದ್ದು, ಹುಡುಗಿ ಗೋಡೆಗೆ ಮುಖ ಮಾಡಿ ಕೂತದ್ದು, ಮಾಪಣ್ಣ ಚಾವಡಿಯಲ್ಲಿ ಮುಖ ತೋರಿಸದೆ ಹೋದದ್ದು, ಎಲ್ಲ ಓದಿದೆ. "ಅಕ್ಕಾ, ಖರೇನ ಒಯ್ದಾಳೇನು? ಒಂದ್ ಮಾತು ಬರಿ" ಎಂದು ನೀನು ಎರಡು ಸಲ ಕೇಳಿದೆ. ನಾನು ಬರೆಯಲಿಲ್ಲ. ನನ್ನ ಮಾತಿನ ಮೇಲೆ ಇನ್ನೊಂದು ಮಾತು ಕೇಳಿದ್ದಕ್ಕೆ ಸಿಟ್ಟು ಬಂದಿತ್ತು.

ಶೇವಂತಾ ಹೋದ ಮೇಲೆ ಗಂಜಿನ ಪೇಟೆಯ ಕಡೆಯಿಂದ ಒಬ್ಬಾಕೆ ಬಂದಳು. ನನ್ನ ಪದ್ಧತಿ ನಿನಗೆ ಗೊತ್ತು. ಹೊಸಬಳು ಬಂದರೆ ಚಾಪೆಯ ಕೆಳಗೆ ಒಂದು ಪೈಸೆ, ಉಗ್ರಾಣದ ಮೂಲೆಯಲ್ಲಿ ಒಂದು ಬೆಳ್ಳಿ ಕಾಲುಂಗುರ ಇಡುತ್ತೇನೆ. ತಂದು ಕೊಟ್ಟವಳು ಉಳಿಯುತ್ತಾಳೆ. ಈಕೆ ಕಸವನ್ನು ಬೀಸುಕಲ್ಲಿನ ಹಿಂದೆ ತಳ್ಳಿದಳು, ಪೈಸೆಯನ್ನು ಎಲೆಅಡಿಕೆಗೆ ಕೊಟ್ಟು ಬಾಯಿ ಕೆಂಪು ಮಾಡಿಕೊಂಡು ಬಂದಳು. "ಇಲ್ಲೊಂದು ಪೈಸಾ ಇತ್ತಲ್ಲ?" ಎಂದರೆ, "ನಾ ಗುಡಿಸಿದಲ್ಲಿ ಕಸಾನೂ ಉಳಿಯಂಗಿಲ್ಲ, ಪೈಸಾನೂ ಉಳಿಯಂಗಿಲ್ಲ ಬಿಡ್ರಿ" ಎಂದಳು. ಅಂದೇ ಕಳಿಸಿದೆ.

ಆಮೇಲೆ ಬಂದವಳು ಅಂಬಮ್ಮ. ಹಿಂದಿನ ಓಣಿಯವಳು, ಗಂಡ ಸತ್ತಾಕೆ, ಬಾಯಿ ಹರಿತ. ಬಂದ ದಿನವೇ ಹೇಳಿದಳು: "ಕೆಲಸ ಮಾಡ್ತೀನ್ರಿ, ಬೈಸಿಕೊಳ್ಳಂಗಿಲ್ಲ. ಬೈಯೂದು ಇದ್ರ ನಿಮ್ಮ ಸೊಸಿ ಬರೂತನಾ ತಡೀರಿ." ನನಗೆ ನಗು ಬಂತು. ಕಾಲುಂಗುರ ತಂದು ಕೊಟ್ಟಳು, ಪೈಸೆ ತಂದು ಕೊಟ್ಟಳು. ಮತ್ತೊಂದು ಸಲ ಇಟ್ಟೆ, ಅದನ್ನೂ ತಂದಳು. "ನಿಮ್ಮ ಮನಿ ಮೂಲ್ಯಾಗ ರೊಕ್ಕ ಹುಟ್ಟತಾವ ನೋಡ್ರಿ ಅವ್ವಾರ. ನಮ್ಮ ಮನ್ಯಾಗ ಬರೇ ಇರವಿ ಹುಟ್ಟತಾವ" ಎಂದಳು. ಆಕೆಗೆ ನನ್ನ ಪದ್ಧತಿ ತಿಳಿದುಹೋಗಿತ್ತು. ಶೇವಂತಾಳೂ ಆಗ ಎಲ್ಲವನ್ನೂ ತಂದು ಕೊಟ್ಟಿದ್ದಳು, ದೌಲಪ್ಪಾ. ಗಂಟು ಬಿಚ್ಚಿಸುವಾಗ ಅದು ನನ್ನ ನೆನಪಿಗೆ ಬರಲಿಲ್ಲ.

ಮೊನ್ನೆ ಸೋಮವಾರ ಸುಣ್ಣ ಬಳಿಯುವವರು ಬರುವ ಮೊದಲು ಗುರುಲಿಂಗಪ್ಪನ ಮೇಲಿನ ಕೋಣೆ ಗುಡಿಸಲು ಅಂಬಮ್ಮನನ್ನು ಕಳಿಸಿದೆ. ಇವನು ಗಂಜಿನ ಅಂಗಡಿಯಲ್ಲಿದ್ದ. ಆಕೆ ಕಬ್ಬಿಣದ ಪೆಟ್ಟಿಗೆ ಸರಿಸಿ ಗುಡಿಸಿ, ಕೆಳಗೆ ಬಂದು ನನ್ನ ಮುಂದೆ ಗಿಂಡಿ ಇಟ್ಟಳು.

"ಅವ್ವಾರ, ಇದನ್ನೂ ನೀವೇ ಇಟ್ಟೀರೇನು?" ಎಂದು ನಕ್ಕಳು.

ನಾನು "ಹ್ಞೂಂ, ನಾನೇ ಇಟ್ಟಿದ್ದೆ" ಎಂದೆ.

"ಈ ಸಲ ಭಾಳ ದೊಡ್ಡದು ಇಟ್ಟೀರಿ" ಎಂದು ಮೊರ ತೆಗೆದುಕೊಂಡು ಮತ್ತೆ ಮೇಲೆ ಹೋದಳು.

ನಿನ್ನೆ ಅದೇ ನೆರೆಯ ಹೆಂಗಸರನ್ನು ಕರೆಸಿ, ಗಿಂಡಿ ಮುಂದಿಟ್ಟು, ಶೇವಂತಾ ಕಳ್ಳಿಯಲ್ಲ ಎಂದು ಹೇಳಿದೆ. ಎಲ್ಲಿ ಸಿಕ್ಕಿತು ಎಂದರು. ಪೆಟ್ಟಿಗೆಯ ಹಿಂದೆ ಬಿದ್ದಿತ್ತು ಎಂದೆ. ನೀನು ಚಾವಡಿಯಲ್ಲಿ ಮಾಪಣ್ಣನನ್ನು ಕೂಡಿಸಿ, ಹುಡುಗಿಯ ಗಂಡನ ಮನೆಯವರನ್ನೂ ಕರೆಸಿ, ನಾನು ಗೆರೆ ಎಳೆದ ಈ ಮಾತನ್ನು ಓದು: "ಶೇವಂತಾ ಕಳ್ಳಿಯಲ್ಲ. ಗಿಂಡಿ ನಮ್ಮ ಮನೆಯಲ್ಲೇ ಇತ್ತು. ತಪ್ಪು ಹೇಳಿದವಳು ಬಸಲಿಂಗಮ್ಮ." ಮೆಲ್ಲಗೆ ಓದಬೇಡ. ಹೊರಗೆ ನಿಂತವರಿಗೂ ಕೇಳಬೇಕು.

ನಿನಗೂ ನಿನ್ನ ಮಕ್ಕಳಿಗೂ ಶಿವನು ಆಯುಷ್ಯ ಕೊಡಲಿ, ಮನೆಯಲ್ಲಿ ಜೋಳದ ಹಗೇವು ತುಂಬಿರಲಿ, ಜಯದೇವಿಯ ತಲೆಯ ಮೇಲೆ ನನ್ನ ಕೈ ಇದೆ ಎಂದು ತಿಳಿ.

ನಿನ್ನ ಅಕ್ಕ
ಬಸಲಿಂಗಮ್ಮ

ತಾ.ಕ. ಈ ಹಾಳೆ ಬೇರೆ. ನೀನೊಬ್ಬನೇ ಓದಿ ಒಲೆಗೆ ಹಾಕು.

ಅಂಬಮ್ಮ ಎರಡನೇ ಸಲ ಇಳಿದು ಬಂದಾಗ ಮೊರದಲ್ಲಿ ಮಂಚದ ಕೆಳಗಿನ ಕಸವಿತ್ತು. ಹಸಿರು ಬಳೆಯ ಚೂರು, ಎರಡು ಕೈ ತುಂಬುವಷ್ಟು. ಬುಡದಿಂದ ಕಿತ್ತುಬಂದ ಕೂದಲು. ಆ ಬಳೆಗಳನ್ನು ಸಂಕ್ರಾಂತಿಗೆ ಶೇವಂತಾಳಿಗೆ ತೊಡಿಸಿದವಳು ನಾನು. ಅಂಬಮ್ಮ ಈ ಸಲ ನಗಲಿಲ್ಲ. "ಇವು ನೀವು ಇಟ್ಟಿದ್ದಲ್ಲ ಬಿಡ್ರಿ" ಎಂದು ಮೊರವನ್ನು ನನ್ನ ಕಾಲ ಬಳಿ ಇಟ್ಟು ಹಿತ್ತಲಿಗೆ ಹೋದಳು.

ಶೇವಂತಾ ನನಗೆ ಮೊದಲೇ ಹೇಳಿದ್ದಳು. "ಅವ್ವಾರ, ಮ್ಯಾಲಿನ ಕೋಣಿ ಒಂದು ಬಿಟ್ಟು ಎಲ್ಲಾ ಗುಡಸ್ತೀನ್ರಿ" ಎಂದಿದ್ದಳು. "ಆರಿಸಿ ಆರಿಸಿ ಗುಡಿಸಾಕ ನೀ ಸಾವ್ಕಾರ್ತಿ ಏನು?" ಎಂದು ನಾನೇ ಕಸಬರಿಗೆ ಕೈಗೆ ಕೊಟ್ಟು ಮೇಲೆ ಕಳಿಸಿದ್ದೆ.

ರಾತ್ರಿ ಊಟಕ್ಕೆ ಕೂತ ಗುರುಲಿಂಗಪ್ಪನ ತಾಟಿನ ಪಕ್ಕದಲ್ಲಿ ಗಿಂಡಿ ಇಟ್ಟೆ. ರೊಟ್ಟಿ ಮುರಿಯುತ್ತ, ತಲೆ ಎತ್ತದೆ, "ಹೋದಾಕಿ ಹೋದಳು, ಈಗ್ಯಾಕ ಅದು ಅವ್ವಾ" ಎಂದ. ಇನ್ನೊಂದು ರೊಟ್ಟಿ ಕೇಳಿದ. ನಾನು ಹಾಕಿದೆ.

ದೌಲಪ್ಪಾ, ಜಯದೇವಿಯನ್ನು ಈ ಮನೆಗೆ ಕೊಡಬೇಡ. ಎಲೆಅಡಿಕೆ ಹಂಚಿದ್ದಾಗಿದೆ, ಎರಡೂ ಊರಿಗೆ ಗೊತ್ತಾಗಿದೆ, ಆದರೂ ಬೇಡ. ನಮ್ಮ ಕಡೆಯಿಂದ ಮುರಿದರೆ ಹುಡುಗಿಗೆ ಕೆಟ್ಟ ಹೆಸರು ಬರುತ್ತದೆ, ಆದ್ದರಿಂದ ನೀನೇ ಮುರಿ. ಜನ ಕಾರಣ ಕೇಳುತ್ತಾರೆ. ನಮ್ಮ ಅಕ್ಕ ಸೊಕ್ಕಿನ ಹೆಂಗಸು, ಅಂಥ ಅತ್ತೆಯ ಕೈಕೆಳಗೆ ನನ್ನ ಮಗಳು ಬಾಳುವುದಿಲ್ಲ ಎನ್ನು. ಯಾರೂ ಎರಡನೇ ಮಾತು ಕೇಳುವುದಿಲ್ಲ.