ನಡುವೆ ಉಳಿದ ಒಂದು ಗೇಣು

ಅವ್ವಾ, ನನ್ನ ಮದುವೆಯಾಯಿತು, ನಿನ್ನ ಹಳೆ ಸೀರೆಗಳ ಕೌದಿಯೂ ನನ್ನೊಡನೆ ಸಿಕಂದರಾಬಾದಿಗೆ ಬಂತು! ಅಂಚಿನಿಂದ ಸುತ್ತುತ್ತ ಒಳಗೊಳಗೆ ಹೊಲಿಯುತ್ತಿದ್ದ ನೀನು ತೀರಿಕೊಂಡಾಗ ನಡುವೆ ಒಂದು ಗೇಣು ಉಳಿದಿತ್ತಲ್ಲ, ಅದನ್ನು ಮುಗಿಸಲು ಅತ್ತೆ ಇವತ್ತು ದರ್ಜಿಯನ್ನು ಕರೆಸಿದ್ದರು.

“ಇದಕ್ಕ ಮಿಷನ್ ಮುಟ್ಟಿಸಬ್ಯಾಡ್ರಿ ಅತ್ತಿ, ನಾನೇ ಹೊಲೀತೀನಿ,” ಅಂದೆ.

“ಇಂಗ್ಲಿಷ್ ಸಾಲಿಯೊಳಗ ಕೌದಿ ಹೊಲಿಯೂದೂ ಕಲಿಸ್ತಾರೇನವಾ?” ಎಂದು ಅತ್ತೆ ನಕ್ಕರು. ನನ್ನವರೂ ನಕ್ಕರು, ಆದರೆ ದರ್ಜಿಯನ್ನು ವಾಪಸು ಕಳಿಸಿದರು. ಎಷ್ಟು ಒಳ್ಳೆಯವರು ಅಂತೀಯವ್ವಾ.

ರಜೆಯಲ್ಲಿ ನೀನು ಸೂಜಿ ಹಿಡಿದು ಕರೆದಾಗಲೆಲ್ಲ ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ನಿನ್ನ ಹೊಲಿಗೆ ಈಗ ಕಲಬುರಗಿ ಹತ್ತಿರದ ಕಮಲಾಪುರದ ಶಿವಕಾಂತಮ್ಮ ಚಿಗವ್ವನಿಗೆ ಮಾತ್ರ ಬರುತ್ತದೆ. ಆಕೆ ಎಷ್ಟು ಸಲ ಬಿಚ್ಚಿಸಿದರೂ ಸರಿ, ಕಲಿತೇ ಏಳುತ್ತೇನೆ. ಸೋಮವಾರ ವಾಡಿಯಲ್ಲಿ ಗಾಡಿ ಬದಲಿಸಿ, ಮುಂಬಯಿ ಮೇಲ್ ರೈಲಿನಲ್ಲಿ ಕಲಬುರಗಿಗೆ ಬಂದಿಳಿಯುತ್ತೇನೆ.