ಎರಡು ವರ್ಷಕ್ಕೆ ಸಾಕ್ಷಿ

ಜೂನ್ ೧೮, ಬುಧವಾರ

ವಿಶ್ವವಿದ್ಯಾಲಯದಿಂದ ಮತ್ತೆ ಸಂದೇಶ. ಹತ್ತನೆಯ ತರಗತಿಯ ನಂತರ ನನ್ನ ಓದು ಎರಡು ವರ್ಷ ಏಕೆ ನಿಂತಿತ್ತೆಂದು ದಾಖಲೆ ಸಮೇತ ತಿಳಿಸಬೇಕಂತೆ. ನಾಳೆ ಸಂಜೆಯೇ ಕೊನೆ. ಕೊಡದಿದ್ದರೆ ಸೀಟು ಬೇರೆಯವರಿಗೆ.

ಏನು ಕೊಡಲಿ? ಹದಿನಾರಕ್ಕೆ ನನ್ನ ಮದುವೆಯಾಯಿತು, ಸಾಲೋಟಗಿಯ ಹೊಲದ ಮನೆಯಲ್ಲಿ. ಸಾಕ್ಷಿ ಉಳಿಯಬಾರದೆಂದೇ ಅಪ್ಪ ಲಗ್ನಪತ್ರಿಕೆ ಹಾಕಿಸಲಿಲ್ಲ, ಫೋಟೋದವನನ್ನು ಕರೆಸಲಿಲ್ಲ. ಬಾಜಾಭಜಂತ್ರಿಯೂ ಇಲ್ಲ. ಎರಡು ವರ್ಷಕ್ಕೆ ಗಂಡನ ಮನೆಯಿಂದ ಓಡಿಬಂದು ಮತ್ತೆ ಪುಸ್ತಕ ಹಿಡಿದೆನಲ್ಲ, ಅದಕ್ಕೂ ಸಾಕ್ಷಿ ಇಲ್ಲ. ನಿಜ ಬರೆದರೆ ಅಪ್ಪನನ್ನು ಹುಡುಕಿಕೊಂಡು ಪೊಲೀಸರು ಬರುತ್ತಾರೆ. ಕಾಯಿಲೆ ಎನ್ನೋಣವೆಂದರೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಬೆಳಿಗ್ಗೆ ಮುದ್ದೇಬಿಹಾಳಕ್ಕೆ ಹೋಗಿ ಕೇಳಿದೆ. ಡಾಕ್ಟರು ತಲೆ ಎತ್ತದೆಯೇ, "ಸುಳ್ಳು ಬರದು ಕೊಡಾಂಗಿಲ್ಲವ್ವಾ, ಹೋಗು," ಅಂದರು.

ಇದೆಲ್ಲ ಅಪ್ಪ ಮಾಡಿದ್ದು. ಅವನ ಮೇಲೆ ಇವತ್ತು ಬಾಯಿಗೆ ಬಂದಂತೆ ಕೂಗಾಡಬೇಕೆಂದಿದ್ದೆ. ಅದಕ್ಕೂ ಬಿಡಲಿಲ್ಲ. ಊಟಕ್ಕೆ ಕೂತವನು ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಅಂದ:

"ಅಪ್ಪ ಸತ್ತಿದ್ದ, ಮನ್ಯಾಗ ದುಡಿಯಾವ್ರು ಇರ್ಲಿಲ್ಲಂತ ಬರದ್ ಬಿಡು, ರಾಜಿ."

ಅವ್ವ ಎದ್ದು ಹೊರಗೆ ಹೋದಳು. ನನಗೆ ಸಿಟ್ಟು ನೆತ್ತಿಗೇರಿತು. "ಸತ್ತಿದ್ದಕ್ಕೂ ಸರ್ಟಿಫಿಕೇಟ್ ಕೇಳ್ತಾರಪ್ಪ," ಅಂದೆ.

ಅವನು ಸಿಟ್ಟಾಗಲಿಲ್ಲ. ರೊಟ್ಟಿಯನ್ನು ತಟ್ಟೆಗಿಟ್ಟು ಕೇಳಿದ: "ಅದನ್ನ ಎಷ್ಟು ದಿನಕ್ಕ ಕೊಡ್ತಾರ?"

ಸೀಟು ಹಾಳಾಗಿ ಹೋಗಲಿ. ಅಪ್ಪ ಪಡಸಾಲೆಯಲ್ಲಿ ಮಲಗಿದ್ದಾನೆ. ಏನಾದರೂ ಮಾಡಿಕೊಂಡಾನೆಂದು ನಾನು ಇಲ್ಲಿ ಕಿವಿಯಾನಿಸಿ ಕೂತಿದ್ದೇನೆ. ಆಗಲೇ ಒಮ್ಮೆ ಕೆಮ್ಮಿದ. ಇನ್ನೊಮ್ಮೆ ಕೆಮ್ಮಲಿ, ಆಮೇಲೆ ನಾನು ಮಲಗುತ್ತೇನೆ.